ಭಂಡಾರದ ಕೆಳಗಿನ ಗೆರೆ

ನಾನು ನಿಂತದ್ದು ಉತ್ತರದ ಗೋಲಿನ ಎಡಗಂಬದ ಹೊರಗೆ, ಕಂಬದಿಂದ ಒಂದೂವರೆ ಹೆಜ್ಜೆ ಬಿಟ್ಟು, ಗೋಲ್ ಗೆರೆಯ ನೇರಕ್ಕೆ. ಎಡ ಎಂದರೆ ಮೈದಾನಕ್ಕೆ ಮುಖ ಮಾಡಿ ನಿಂತ ಗೋಲ್‌ಕೀಪರನ ಎಡ. ಊರು ಸೊಲ್ಲಾಪುರ, ಜಾಗ ಒಂದು ಬಟ್ಟೆ ಗಿರಣಿಯ ಹಿಂದಿನ ಮೈದಾನ. ಐವತ್ತಾರನೆಯ ಇಸವಿ, ಸಂಕ್ರಾಂತಿ ಕಳೆದ ಮೇಲೆ ಬಂದ ಎರಡನೆಯ ಶನಿವಾರ. ಗಿರಣಿಯ ಐದು ಗಂಟೆಯ ಭೋಂಗಾ ಕೂಗಿ ಹತ್ತು ನಿಮಿಷವಾಗಿತ್ತು, ಹೆಚ್ಚೆಂದರೆ ಹನ್ನೆರಡು. ಸೂರ್ಯ ನನ್ನ ಮುಖಕ್ಕೆ ಹೊಡೆಯುತ್ತಿದ್ದ. ಆದರೆ ನಾನು ನೋಡಬೇಕಾಗಿದ್ದುದು ನೆಲವನ್ನು, ಆದ್ದರಿಂದ ಬಿಸಿಲನ್ನು ನೆಪ ಮಾಡುವಂತಿಲ್ಲ. ಬಲಗೈಯಲ್ಲಿ ಕೆಂಪು ಬಾವುಟವಿತ್ತು. ಕಾಲಲ್ಲಿ ಪಂದ್ಯದ ಕಮಿಟಿಯವರು ಆ ಬೆಳಿಗ್ಗೆ ಕೊಟ್ಟ ಬಿಳಿ ಕ್ಯಾನ್ವಾಸ್ ಬೂಟುಗಳಿದ್ದವು.

ಇಷ್ಟನ್ನು ಮೊದಲು ಬರೆದಿಡುತ್ತೇನೆ. ಮುಂದೆ ಹೇಳುವುದೆಲ್ಲ ಆ ಜಾಗದಿಂದ ನನಗೆ ಏನು ಕಂಡಿತು, ಏನು ಕಾಣಲಿಲ್ಲ ಎಂಬುದರ ಮೇಲೆ ನಿಂತಿದೆ.

ಹೋದ ತಿಂಗಳು ಸೊಲ್ಲಾಪುರದ ಹತ್ತಿರದ ಕೈಗಾರಿಕಾ ಪ್ರದೇಶ ಚಿಂಚೋಳಿ ಎಂಐಡಿಸಿಗೆ ಹೋಗಿದ್ದೆ. ತಂಗಿಯ ಮಗ ಅಲ್ಲೊಂದು ಗೋದಾಮು ನೋಡಿಕೊಳ್ಳುತ್ತಾನೆ. ಹೊಸದಾಗಿ ಸುಣ್ಣ ಬಳಿದ ಗೋಡೆ ಇನ್ನೂ ಹಸಿಯಾಗಿತ್ತು. ಪಕ್ಕದ ಕಾರಖಾನೆಯಲ್ಲಿ ಅರಿಸಿನ ಬೀಸುತ್ತಿದ್ದರು. ಎರಡು ವಾಸನೆಯೂ ಒಂದೇ ಉಸಿರಿನಲ್ಲಿ ಒಳಗೆ ಹೋದದ್ದೇ ನಾನು ಅಲ್ಲಿದ್ದ ಚೀಲದ ಮೇಲೆ ಕೂತುಬಿಟ್ಟೆ. “ಮಾಮಾ, ಬಿಪಿ ಗುಳಿಗಿ ತಗೊಂಡೀರಿಲ್ಲೋ?” ಎಂದು ಅವನು ಕೇಳಿದ. ತೆಗೆದುಕೊಂಡಿದ್ದೆ. ಮನೆಗೆ ಬಂದು ಇದನ್ನು ಬರೆಯಲು ಕೂತೆ.

ಆ ಪಂದ್ಯ ನಡೆದದ್ದು ಒಟ್ಟು ನಾಲ್ಕು ವರ್ಷ. ಶುರು ಮಾಡಿದವರು ಸೊಲ್ಲಾಪುರದ ಚಾದರದ ವ್ಯಾಪಾರಿ ಗುರಪ್ಪಶೆಟ್ಟರು. ಆಗ ಅಕ್ಕಲಕೋಟೆ ಸೀಮೆಯ ಹುಡುಗರು ಮ್ಯಾಟ್ರಿಕ್ ಪರೀಕ್ಷೆ ಬರೆಯಲು ಸೊಲ್ಲಾಪುರಕ್ಕೇ ಬರಬೇಕಾಗಿತ್ತು. ನೆಂಟರಿಲ್ಲದವರು ರೈಲ್ವೆ ಸ್ಟೇಷನ್ನಿನ ಮುಸಾಫರಖಾನೆಯಲ್ಲಿ ಮಲಗಿ, ನಲ್ಲಿಯಲ್ಲಿ ಮುಖ ತೊಳೆದು, ಕಟ್ಟಿಕೊಂಡು ಬಂದ ರೊಟ್ಟಿ ತಿಂದು ಪೇಪರಿಗೆ ಹೋಗುತ್ತಿದ್ದರು. ಅಂಥವರಿಗೆ ಪರೀಕ್ಷೆಯ ದಿನಗಳಲ್ಲಿ ಊಟ, ಹಾಸಿಗೆ ಕೊಡುವ ಒಂದು ಬೋರ್ಡಿಂಗ್ ಆಗಲಿ ಎಂದು ಶೆಟ್ಟರು ಧರ್ಮಾರ್ಥ ಫುಟ್‌ಬಾಲ್ ಪಂದ್ಯ ಹೂಡಿದರು. ಸೊಲ್ಲಾಪುರದ ಹೈಸ್ಕೂಲುಗಳಿಂದ ಆಯ್ದ ಹನ್ನೊಂದು ಹುಡುಗರು ಒಂದು ಕಡೆ. ಅಕ್ಕಲಕೋಟೆ ಮತ್ತು ಸುತ್ತಲಿನ ಹೈಸ್ಕೂಲುಗಳಿಂದ ಆಯ್ದ ಹನ್ನೊಂದು ಹುಡುಗರು ಇನ್ನೊಂದು ಕಡೆ. ಪೇಟೆಯ ಹುಡುಗರಿಗೆ ಬೂಟುಗಳಿದ್ದವು. ನಮ್ಮವರು ಬರಿಗಾಲಲ್ಲಿ ಆಡುತ್ತಿದ್ದರು.

ಧರ್ಮಕ್ಕೆಂದು ಆಡುವ ಆಟ ಮೊದಲ ವರ್ಷವೇ ಜಗಳದಲ್ಲಿ ಮುಗಿಯಿತು. ಗೋಲಿಗೆ ಬಲೆ ಇರಲಿಲ್ಲ. ಚೆಂಡು ಕಂಬದ ಒಳಗೆ ಹೋಯಿತೋ ಹೊರಗೆ ಹೋಯಿತೋ ಎಂಬ ಮಾತಿಗೆ ಎರಡೂ ಕಡೆಯವರು ಕಂಬಗಳನ್ನೇ ಕಿತ್ತರು. ಮುಂದಿನ ವರ್ಷ ಶೆಟ್ಟರು ಬೇರೆಲ್ಲೂ ಇಲ್ಲದ ಒಂದು ಪದ್ಧತಿ ತಂದರು. ಪ್ರತಿ ಗೋಲಿನ ಪಕ್ಕಕ್ಕೆ ಒಬ್ಬ ಪಂಚ. ಅವನು ಆ ಗೋಲು ಕಾಯುವ ತಂಡದ ಊರಿನವನೇ ಆಗಿರಬೇಕು.

“ಯಾರ ಗೋಲೋ ಅವರದ ಪಂಚ,” ಎಂದರು ಅವರು, ಅಂಗಡಿಯ ಗಾದಿಯ ಮೇಲೆ ಕಾಲು ಮಡಿಸಿ ಕೂತು. “ತನ್ನ ಮಂದಿಗಿ ವಿರುದ್ಧ ಹೇಳಾಂವ ಸುಳ್ಳು ಹೇಳೂದಿಲ್ಲ. ಅಂವ ಬಾವುಟ ಎತ್ತಿದ್ರ ಗೋಲು. ಆಮ್ಯಾಲ ಯಾರೂ ಬಾಯಿ ತಗಿಬಾರದು.”

“ಎತ್ತಬೇಕಾದಾಗ ಎತ್ತಲಿಲ್ಲಂದ್ರರಿ?” ಎಂದು ಯಾರೋ ಕೇಳಿದರು.

“ಎತ್ತದಿದ್ರ ಬಿಡ್ಲಿ. ನಾಳಿ ಯಾವ ಮುಖ ಇಟಗೊಂಡು ಊರಾಗ ತಿರಗ್ತಾನ?”

ಎರಡು ವರ್ಷ ಅದು ನಡೆಯಿತು. ಜನ ಬೈದುಕೊಂಡರು, ಉಗುಳಿದರು, ಆದರೆ ಬಾವುಟದ ಮೇಲೆ ಕೈ ಮಾಡಲಿಲ್ಲ. ನಾಲ್ಕನೆಯ ವರ್ಷ ನಮ್ಮ ಕಡೆಯ ಪಂಚನಾಗಿ ನನ್ನ ಹೆಸರು ಬಂತು. ನಾನು ಅಕ್ಕಲಕೋಟೆಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದೆ, ವಯಸ್ಸು ಇಪ್ಪತ್ತಾರು. ಗೆರೆ ಎಳೆಯುವವನು ಗೆರೆ ನೋಡಬಲ್ಲ ಎಂದು ಹೆಡ್‌ಮಾಸ್ತರು ಹೇಳಿದರಂತೆ.

ಆ ಚಳಿಗಾಲ ಎಂದಿನಂತಿರಲಿಲ್ಲ. ರಾಜ್ಯಗಳನ್ನು ಭಾಷೆಯ ಮೇಲೆ ವಿಂಗಡಿಸುವ ಮಾತು ಎದ್ದಿತ್ತು. ಅಕ್ಕಲಕೋಟೆ ಮೈಸೂರಿಗೆ ಹೋಗುವುದೋ ಇಲ್ಲೇ ಮರಾಠಿಯವರ ಕಡೆ ಉಳಿಯುವುದೋ ಎಂದು ಚಹಾದಂಗಡಿಗಳಲ್ಲಿ ಕಪ್ಪುಬಸಿ ಒಡೆಯುತ್ತಿದ್ದವು. ಅದುವರೆಗೆ ಯಾವ ಮಾತಿನಲ್ಲಿ ಕೇಳಿದರೂ ಎಣ್ಣೆ ಅಳೆದು ಕೊಡುತ್ತಿದ್ದ ಅಂಗಡಿಯವನು ಈಗ ಒಂದು ಮಾತಿಗೆ ಮಾತ್ರ ತಲೆಯೆತ್ತುತ್ತಿದ್ದ. ಶೆಟ್ಟರ ಮನೆಮಾತು ಕನ್ನಡ. ಅವರೂ ಆ ವರ್ಷ ಬೀದಿಯಲ್ಲಿ ನನ್ನ ಜೊತೆ ಮರಾಠಿಯಲ್ಲೇ ಮಾತಾಡಿ, ಅಂಗಡಿಯ ಒಳಗೆ ಬಂದ ಮೇಲೆ ಕನ್ನಡಕ್ಕೆ ತಿರುಗುತ್ತಿದ್ದರು.

ಗೋಲ್‌ಕೀಪರನಾಗಿ ನಮ್ಮ ಶಾಲೆಯ ಬೀರಪ್ಪ ಆಯ್ಕೆಯಾದ. ಚಪಳಗಾಂವದ ಕುರಿಗಾರರ ಹುಡುಗ, ಮ್ಯಾಟ್ರಿಕ್ ತರಗತಿ, ಅವರ ಮನೆತನದಲ್ಲಿ ಆ ತರಗತಿಗೆ ಬಂದ ಮೊದಲನೆಯವನು. ಮಾತು ಕಡಿಮೆ. ಚೆಂಡು ಕಾಲಿನಿಂದ ಬಿಡುವ ಮೊದಲೇ ಅದು ಯಾವ ಕಡೆ ಬರುತ್ತದೆ ಎಂದು ಅವನಿಗೆ ತಿಳಿಯುತ್ತಿತ್ತು. ಹೇಗೆ ಎಂದು ಕೇಳಿದರೆ, “ಮರಿ ಓಡೂ ಮುಂದ ಭುಜಾ ತಿರವ್ತದರಿ. ಇವರೂ ಹಂಗ,” ಎಂದಿದ್ದ.

ಅವನ ತಂದೆ ಮಾಳಪ್ಪನ ಒಪ್ಪಿಗೆ ಕೇಳಲು ಸೈಕಲ್ ಮೇಲೆ ಚಪಳಗಾಂವಕ್ಕೆ ಹೋದೆ. ಜೋಳ ಹಾಲುಗಾಳಾಗಿ ನಿಂತ ದಿನಗಳು. ಮಾಳಪ್ಪ ಹೊಲದ ಬದುವಿನಲ್ಲಿ ಕುಳ್ಳು ಹೊತ್ತಿಸಿ ಸೀತನಿ ತೆನೆ ಸುಡುತ್ತಿದ್ದ. ಹೆಗಲ ಮೇಲೆ ಕರಿ ಕಂಬಳಿ, ಹಣೆಯ ತುಂಬ ಭಂಡಾರ. ಭಂಡಾರವೆಂದರೆ ಅರಿಸಿನದ ಪುಡಿ. ಅವರಿಗೆ ಅದು ಬಿರೋಬಾ ದೇವರೇ. ಬಿಸಿ ಕಾಳನ್ನು ನನ್ನ ಅಂಗೈಗೆ ಸುರಿದು ಮಾತು ತೆಗೆದ.

“ಚೆಂಡ ಒದಿಯೂದು ಕಲಿಸಾಕ ಸಾಲಿ ಯಾಕ ಬೇಕ್ರಿ ಮಾಸ್ತರ್ರ? ಕತ್ತಿನೂ ಒದೀತದ. ಅದಕ್ಯಾರು ಕಲಿಸ್ಯಾರ?”

“ಬೀರಪ್ಪ ಒದಿಯೂದಿಲ್ಲ ಮಾಳಪ್ಪಣ್ಣ. ಹಿಡೀತಾನ.”

“ಹಿಡ್ಯೂದಂತೂ ಕಲಿಸಬೇಕಾಗಿಲ್ಲ. ಎಂಬತ್ತು ಕುರಿ ದೊಡ್ಡ್ಯಾಗ ಕೂಡಾಂವಗ ಒಂದ್ ಚೆಂಡ ಹೊರಗ ಇಡೂದೇನ್ ದೊಡ್ಡದು.” ನಕ್ಕ. ನಂತರ ನಗು ನಿಲ್ಲಿಸಿದ. “ಆದ್ರ ಮಾರ್ಚಿಗೆ ಪರೀಕ್ಷಾ ಐತಿ. ಪಾಸಾದ್ರ ತಲಾಠಿ ಆಗಿ ಊರ ಲೆಕ್ಕ ಬರೀಬಹುದಂತ ಹೆಡ್‌ಮಾಸ್ತರ್ರು ಹೇಳ್ಯಾರ. ನಮ್ಮ ಕುರಿ ಹಿಡದು ಕೊಂಡವಾಡದಾಗ ಕೂಡಿಹಾಕೂ ಕಾಗದ ಒಂದ್ ಸರ್ತಿ ನಮ್ಮ ಹುಡುಗನ ಕೈಯಾಗ ಇರ್ಲಿ, ನೋಡೂಣು. ಆಟದಾಗ ಏನರ ಕೆಟ್ಟದ್ದಾತಂದ್ರ ನಿಮ್ಮ ಬಾಗಲಿಗಿ ಬರ್ತೀನಿ.”

“ಏನೂ ಆಗೂದಿಲ್ಲ. ನಾ ಅವನ ಬಾಜೂಕನ ನಿಂತಿರ್ತೀನಿ.”

ಹೀಗೆ ಹೇಳಿದ್ದೆ. ಇದೇ ಶಬ್ದಗಳಲ್ಲಿ.

ಪಂದ್ಯದ ದಿನ ನಮ್ಮ ಹುಡುಗರೂ ಅವರ ಹಿಂದೆ ನೂರರಷ್ಟು ಜನರೂ ಅಕ್ಕಲಕೋಟ ರೋಡ್ ಸ್ಟೇಷನ್ನಿನಿಂದ ಪ್ಯಾಸೆಂಜರ್ ಗಾಡಿಯಲ್ಲಿ ಹೋದೆವು. ಮೈದಾನದ ಬಾಗಿಲಲ್ಲೇ ಸ್ವಾಗತ ಆಯಿತು. “ಕಾನಡಿ ಆಲೇ ರೇ,” ಎಂದು ಗೋಡೆಯ ಮೇಲೆ ಕೂತವರು ಕೂಗಿದರು. “ಮೆಂಢರಂ ಕುಠಂ ಬಾಂಧಲೀ?” ಕನ್ನಡದವರು ಬಂದರೋ, ಕುರಿ ಎಲ್ಲಿ ಕಟ್ಟಿ ಬಂದಿರಿ ಎಂದು ಕೇಳಿದ್ದು.

ನಮ್ಮ ಬ್ಯಾಕ್ ಆಟಗಾರ ರೇವಣಸಿದ್ಧ ಬಾಯಿಗೆ ಹೆಸರಾದವನು. “ನಿಮ್ಮ ಗೋಲಿನ್ಯಾಗ ಕಟ್ಟೀವಿ,” ಎಂದ. “ಆಟ ಮುಗದ ಮ್ಯಾಲ ಹಾಲ ಹಿಂಡಕೊಂಡು ಹೋಗ್ರಿ.”

ಸಣ್ಣ ಕಲ್ಲೊಂದು ಬಂದು ಅವನ ಬೆನ್ನಿಗೆ ತಾಗಿತು. ಯಾರು ಎಸೆದರೆಂದು ನೋಡಲಿಲ್ಲ.

ಮೊದಲ ಅರ್ಧದಲ್ಲಿ ಎರಡೂ ಕಡೆ ಒಂದೊಂದು ಗೋಲು. ಅವರ ಬೂಟುಗಳು ನಮ್ಮ ಹುಡುಗರ ಪಾದದ ಮೇಲೆಯೇ ಹೆಚ್ಚು ಇಳಿದವು. ನಮ್ಮವರು ಮೊಣಕೈಯಲ್ಲಿ ತೀರಿಸಿದರು. ರೆಫ್ರಿ ಒಬ್ಬ ಗಿರಣಿ ಅಧಿಕಾರಿ. ಸೀಟಿ ಊದಿ ಊದಿ ಅವರ ಕೆನ್ನೆ ಕೆಂಪಾಗಿತ್ತು. ಆ ಕಡೆಯ ತಂಡದಲ್ಲಿ ಆಟ ಶುರುವಾಗುವ ಮೊದಲು ನಮ್ಮ ಹುಡುಗರ ಕೈ ಕುಲುಕಿದವನು ಒಬ್ಬನೇ, ಅವರ ಮುಂಚೂಣಿ ಆಟಗಾರ ವಸಂತ. ಬಟ್ಟೆ ದಲಾಲರ ಮನೆಯ ಹುಡುಗ, ಎತ್ತರದವನು. ಈ ಮಾತು ಅವನ ಪರವಾಗಿ ಬರೆಯಬೇಕು.

ಅರ್ಧ ಆಟಕ್ಕೆ ದಿಕ್ಕು ಬದಲಾಯಿತು. ಉತ್ತರದ ಗೋಲು ನಮ್ಮದಾಯಿತು. ನಾನು ಬಾವುಟ ಹಿಡಿದು ಅಲ್ಲಿಗೆ ಬಂದೆ. ಗೆರೆ ತುಳಿತಕ್ಕೆ ಅಳಿಸಿತ್ತು. ಸುಣ್ಣದ ನೀರಿನ ಡಬ್ಬಿ ತರಿಸಿ ಕಂಬದಿಂದ ಕಂಬಕ್ಕೆ ಹೊಸದಾಗಿ ಎಳೆದೆ. ಅದು ಒಣಗುವ ಮೊದಲೇ ಮಾಳಪ್ಪ ಕೋಲು ಹಿಡಿದ ಏಳೆಂಟು ಜನರೊಂದಿಗೆ ಗೋಲಿನ ಹಿಂದಿನ ಹಗ್ಗ ದಾಟಿ ಬಂದ. ಅವನ ಕಂಕುಳಲ್ಲಿ ಭಂಡಾರದ ಚೀಲ.

“ಬಿರೋಬಾನ ಹೆಸರಲೆ ಚಾಂಗಭಲೋ,” ಎಂದು ಒಂದು ಕಂಬದಿಂದ ಇನ್ನೊಂದು ಕಂಬದವರೆಗೆ ಹಿಡಿಹಿಡಿಯಾಗಿ ಎರಚಿದರು. ಮಗ ನಿಲ್ಲುವ ಜಾಗಕ್ಕೆ ದೇವರ ಕಾವಲು. ನಾನು ಆಗತಾನೆ ಎಳೆದ ಗೆರೆ ಹಳದಿಯ ಕೆಳಗೆ ಹೋಯಿತು. ಹಸಿ ಸುಣ್ಣ ತಾಗಿದಲ್ಲಿ ಅಲ್ಲಲ್ಲಿ ಕೆಂಪಾಯಿತು.

ಆಗಲೇ ನಾನು ರೆಫ್ರಿಯನ್ನು ಕರೆದು ಗೆರೆ ಕಾಣುವುದಿಲ್ಲ ಎನ್ನಬೇಕಾಗಿತ್ತು. ಅನ್ನಲಿಲ್ಲ. ದೇವರ ಭಂಡಾರ ತೆಗೆಯಿರಿ ಎಂದು ಆ ಏಳೆಂಟು ಕೋಲುಗಳ ಎದುರು ಹೇಳುವ ಧೈರ್ಯ ನನಗಿರಲಿಲ್ಲ. ಚೆಂಡು ಸರಿಯಾಗಿ ಗೆರೆಯ ಮೇಲೆಯೇ ಬಂದು ನಿಲ್ಲಲಾರದು ಎಂದುಕೊಂಡೆ.

ಒಂದು ಮಾತು ಬಿಡಿಸಿ ಹೇಳಬೇಕು. ಬರಿಗಾಲಲ್ಲಿ ಭಂಡಾರದ ಮೇಲೆ ಕುಣಿಯುವುದು ಆ ಜನರಲ್ಲಿ ಸೇವೆ. ಆಟದ ಓಟದಲ್ಲಿ ಬೂಟುಗಾಲು ತುಳಿದು ಹೋದರೂ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಆದರೆ ನಿಂತು, ನೋಡಿ, ಬೂಟುಗಾಲಿನಿಂದ ಅದನ್ನು ಕೆರೆದು ಸರಿಸುವುದು ದೇವರ ಮುಖಕ್ಕೆ ಕಾಲು ಹಚ್ಚಿದಂತೆ. ಅಕ್ಕಲಕೋಟೆಯಲ್ಲಿ ಹುಟ್ಟಿ ಬೆಳೆದ ನನಗೆ ಇದು ಗೊತ್ತಿತ್ತು.

ಐದರ ಭೋಂಗಾ ಕೂಗಿತು. ಸ್ವಲ್ಪ ಹೊತ್ತಿನಲ್ಲಿ ವಸಂತ ಇಬ್ಬರನ್ನು ದಾಟಿಕೊಂಡು ಬಂದು ಬಲಗಾಲಿನಿಂದ ಹೊಡೆದ. ಚೆಂಡು ನೆಲಕ್ಕೆ ಹತ್ತಿ ಬಂತು. ಬೀರಪ್ಪ ತನ್ನ ಎಡಕ್ಕೆ, ಅಂದರೆ ನನ್ನ ಕಡೆಗೆ, ಹಾರಿದ. ಹಳದಿ ಧೂಳು ಎದ್ದಿತು. ಅದು ಇಳಿದಾಗ ಅವನು ಬೋರಲು ಬಿದ್ದಿದ್ದ. ಎರಡು ಕೈಯೂ ಮುಂದಕ್ಕೆ ಚಾಚಿ ಚೆಂಡಿನ ಮೇಲೆ ಇದ್ದವು. ಚೆಂಡು ನಿಂತಿತ್ತು. ನನ್ನಿಂದ ನಾಲ್ಕು ಹೆಜ್ಜೆ. ಅದರ ಕೆಳಗೆಲ್ಲ ಭಂಡಾರ. ಗೆರೆ ಇಲ್ಲ.

ಎಲ್ಲರೂ ಓಡಿ ಬಂದರು. ಅವರು ಗೋಲಾಯಿತು ಎಂದರು, ನಮ್ಮವರು ಆಗಿಲ್ಲ ಎಂದರು. ಒಬ್ಬರ ಎದೆಗೆ ಒಬ್ಬರು ಹತ್ತಿದರು. ರೆಫ್ರಿ ಎರಡೂ ಕೈ ಚಾಚಿ ನಡುವೆ ನುಗ್ಗಿ, ನನಗೆ ಬೆನ್ನು ಮಾಡಿಯೇ ಕೂಗಿದರು: “ಪಂಚ, ಬಾವುಟ?”

“ಗೆರಿ ಕಾಣವಲ್ದರಿ.”

“ಕಾಣೂವಂಗ ಮಾಡ್ಕೊಂಡು ನೋಡ್ರಿ.”

ನಾಲ್ಕು ಹೆಜ್ಜೆ ನಡೆದು ಹೋದೆ. ಬಗ್ಗಿ ಕೈಯಿಂದ ಸರಿಸಬೇಕಾಗಿತ್ತು. ಬಲಗೈಯಲ್ಲಿ ಬಾವುಟ ಇತ್ತು, ಎಡಗೈಯಿಂದ ನುಗ್ಗುವ ಹುಡುಗನೊಬ್ಬನನ್ನು ತಡೆದಿದ್ದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸರಿಯಲ್ಲ. ಎಡಗೈ ಖಾಲಿ ಇತ್ತು. ಸುಮ್ಮನೆ, ಶಾಲೆಯ ಅಂಗಳದಲ್ಲಿ ಬಿದ್ದ ಸೀಮೆಸುಣ್ಣದ ತುಣುಕನ್ನು ಸರಿಸುವಂತೆ, ಬಲಗಾಲಿನ ಬೂಟಿನ ತುದಿಯಿಂದ ಎರಡು ಸಲ ಕೆರೆದೆ. ಗೆರೆ ಕಂಡಿತು. ಚೆಂಡು ಪೂರ್ತಿ ಗೆರೆಯಾಚೆ ಇತ್ತು. ನಡುವೆ ಎರಡು ಬೆರಳಿನ ಜಾಗ. ಬಾವುಟ ಎತ್ತಿದೆ.

ಬಾವುಟ ಪೂರ್ತಿ ಮೇಲೆ ಹೋಗುವ ಮೊದಲೇ ಹಗ್ಗದ ಹಿಂದಿನಿಂದ ಕೂಗು ಬಂತು: “ಭಂಡಾರಕ್ಕ ಬೂಟಗಾಲ ಹಚ್ಚಿದ್ರೋ.”

ಹಗ್ಗದ ಬಳಿ ನಿಂತವರಿಗೆ ಕಂಡದ್ದು ಗುಂಪಾದ ಕಾಲುಗಳ ನಡುವಿನಿಂದ ಹಳದಿ ಪುಡಿ ಚಿಮ್ಮಿದ್ದು ಮಾತ್ರ. ಯಾರ ಕಾಲು ಎಂಬುದು ಕಾಣಲಿಲ್ಲ. ನಮ್ಮ ಹುಡುಗರೆಲ್ಲ ಬರಿಗಾಲು. ಊರಲ್ಲಿ ನಾನೂ ಚಪ್ಪಲಿ ಮೆಟ್ಟುವವನೇ. ಬೂಟು ಹಾಕಿ ಎಲ್ಲರಿಗಿಂತ ಮುಂದೆ, ಎಲ್ಲರಿಗಿಂತ ಎತ್ತರವಾಗಿ ನಿಂತವನು ವಸಂತ.

ಬೀರಪ್ಪ ಎದ್ದ. ಮೈದಾನಕ್ಕೆ ಬೆನ್ನು ಮಾಡಿ ತನ್ನ ಜನರ ಕಡೆ ತಿರುಗಿ ಎರಡೂ ಕೈ ಮೇಲೆತ್ತಿದ. ಅವನ ಅಂಗೈಗಳು ಹಗ್ಗದ ಕಡೆಗಿದ್ದವು, ಬೆರಳು ಬಿಚ್ಚಿದ್ದವು. “ಯಪ್ಪಾ, ಬರಬ್ಯಾಡ್ರಿ, ಅಲ್ಲೇ ನಿಲ್ರಿ,” ಎಂದ. ಆ ಗದ್ದಲದಲ್ಲಿ ಅದು ನನಗೆ ಕೇಳಿಸಿತು. ನನ್ನಿಂದ ಆಚೆ ಇದ್ದವರಿಗೆ ಕೇಳಿಸಿರಲಾರದು. ಮೈದಾನದ ನಡುಗೆರೆಯ ಬಳಿ ಕುರ್ಚಿಗಳಲ್ಲಿ ಶೆಟ್ಟರು, ಹೆಡ್‌ಮಾಸ್ತರು ಮೊದಲಾದವರು ಕೂತಿದ್ದರು. ಅವರಿಗೆ ಕಂಡದ್ದು ಅವನ ಬೆನ್ನು, ಮೇಲೆತ್ತಿದ ಎರಡು ಕೈ, ಮರುಗಳಿಗೆಯೇ ಹಗ್ಗ ಹರಿದು ಬಂದ ಜನ.

ಮಾಳಪ್ಪನೇ ಎಲ್ಲರಿಗಿಂತ ಮುಂದೆ ಬಂದ. ಅವನ ಕೋಲು ವಸಂತನ ಭುಜದ ಮೇಲೆ ಇಳಿದದ್ದನ್ನು ನೋಡಿದೆ. ಮೊದಲ ಏಟಿಗೆ ವಸಂತ ಯಾಕೆ ಎಂದು ಕೇಳುವವನಂತೆ ಸುತ್ತ ನೋಡಿದ. ಎರಡನೆಯದಕ್ಕೆ ಬಿದ್ದ. ಆ ಹೊತ್ತಿಗೆ ಪೇಟೆಯ ಜನ ಎರಡೂ ಬದಿಯಿಂದ ನುಗ್ಗಿದರು. ಕಲ್ಲು, ಕುರ್ಚಿಯ ಕಾಲು, ಬಿಚ್ಚಿದ ಬೂಟು. ಪೊಲೀಸರು ಬರುವವರೆಗೆ ಕಾಲು ಗಂಟೆ ಹಿಡಿದಿರಬಹುದು. ನಾನು ಕಂಬ ಹಿಡಿದು ನಿಂತಿದ್ದೆ. ನನ್ನ ಮೈಗೆ ಒಂದು ಏಟೂ ಬೀಳಲಿಲ್ಲ. ಕೈಯಲ್ಲಿ ಬಾವುಟ ಇತ್ತಲ್ಲ.

ವಾಪಸು ಗಾಡಿಯಲ್ಲಿ ನನಗೆ ಯಾರೂ ಜಾಗ ಕೊಡಲಿಲ್ಲ. ಕೊನೆಗೆ ರೇವಣಸಿದ್ಧ ಎದ್ದು ನಿಂತ. “ಸರೀರಿ, ಸರೀರಿ, ಮಾಸ್ತರ್ರು ಕೂಡ್ಲಿ. ಗೋಲ ಕೊಟ್ಟ ಬಂದಾರ, ಭಾಳ ದಣದಾರ.” ಗಾಡಿಯ ಡಬ್ಬಿಯೆಲ್ಲ ನಕ್ಕಿತು. ಅದು ನಗುವಿನ ನಗು ಅಲ್ಲ.

ಮಾಳಪ್ಪ ಮಾತ್ರ ನನ್ನ ಹತ್ತಿರ ಬಂದು ನಿಂತ. ಹುಬ್ಬಿನ ಮೇಲೆ ರಕ್ತ ಒಣಗಿತ್ತು.

“ಚೆಂಡ ದಾಟಿತ್ತೇನ್ರಿ?”

“ದಾಟಿತ್ತು.”

“ಹಂಗಾದ್ರ ನೀವು ಮಾಡಿದ್ದು ಖರೇ. ಅದಕ್ಕ ನಾ ಏನೂ ಅನ್ನೂದಿಲ್ಲ. ಆದ್ರ ಆ ಪೋರ ಭಂಡಾರಕ್ಕ ಬೂಟ ಹಚ್ಚಬಾರದಿತ್ತು.”

ನಾನು ಕಿಟಕಿಯ ಹೊರಗೆ ನೋಡಿದೆ. ಬೀರಪ್ಪ ಎದುರಿನ ಮೂಲೆಯಲ್ಲಿ ಕೂತಿದ್ದ. ಅವನು ನನ್ನನ್ನು ನೋಡುತ್ತಿದ್ದಾನೆ ಎಂದು ತಿರುಗದೆಯೇ ಗೊತ್ತಾಯಿತು.

ಮನೆಯಲ್ಲಿ ಬೂಟು ತೊಳೆದೆ. ಬಿಳಿ ಕ್ಯಾನ್ವಾಸಿಗೆ ಹತ್ತಿದ ಅರಿಸಿನ ಸಾಬೂನು ತಾಗಿದ್ದೇ ಕೆಂಪಾಯಿತು. ಮತ್ತೆ ತೊಳೆದೆ, ಹೋಗಲಿಲ್ಲ. ಹಿತ್ತಲಲ್ಲಿ ಹೂತೆ.

ವಸಂತನ ಕೊರಳ ಬುಡದ ಎಲುಬು ಮುರಿದಿತ್ತು. ಪೇಟೆಯಲ್ಲಿ ಅಕ್ಕಲಕೋಟೆಯ ಬಂಡಿಗಳನ್ನು ತಡೆದು ಚೀಲ ಹರಿದರು ಎಂಬ ಸುದ್ದಿ ಬಂತು. ನಮ್ಮ ಕಡೆ ಮರಾಠಿ ಮಾಸ್ತರರೊಬ್ಬರ ಮನೆಯ ಬಾಗಿಲಿಗೆ ಸೆಗಣಿ ಬಳಿದರು. ಎರಡು ವಾರ ಬಿಟ್ಟು ನಮ್ಮ ಶಾಲೆಯ ಆಫೀಸಿನಲ್ಲಿ ವಿಚಾರಣೆ ಕೂತಿತು. ಶೆಟ್ಟರು, ರೆಫ್ರಿ, ಹೆಡ್‌ಮಾಸ್ತರು ಮೇಜಿನ ಆಚೆ; ಎಡಗೈಯನ್ನು ಬಟ್ಟೆಯಿಂದ ಕೊರಳಿಗೆ ಕಟ್ಟಿಸಿಕೊಂಡ ವಸಂತ ಒಂದು ಕುರ್ಚಿಯಲ್ಲಿ; ನಾನು ಇನ್ನೊಂದರಲ್ಲಿ. ಬೀರಪ್ಪ ಬಾಗಿಲ ಬಳಿ ನಿಂತಿದ್ದ. ಮಾಳಪ್ಪನನ್ನು ಯಾರೂ ಕರೆದಿರಲಿಲ್ಲ. ಹಳ್ಳಿಯವರ ಮಾತು ಕೇಳಿ ಏನಾಗಬೇಕು ಎಂದರಂತೆ.

“ವಸಂತಾ,” ಎಂದರು ಶೆಟ್ಟರು, “ನೀ ಭಂಡಾರಕ್ಕ ಕಾಲು ಹಚ್ಚಿದಿ ಅಂತಾರ ಇವರು. ಹಚ್ಚಿದ್ಯೇನು?”

“ನಾಹೀ,” ಎಂದ ವಸಂತ. “ಆಯೀಚೀ ಶಪಥ.” ತಾಯಾಣೆ ಇಟ್ಟ.

“ಮಾಸ್ತರ್ರ, ನೀವು ಅಲ್ಲೇ ಇದ್ರಿ. ಇವನ ಕಾಲು ಹತ್ತಿತ್ತೇನು?”

“ಇಲ್ಲರಿ. ಅವನ ಕಾಲು ಗೆರಿಯಿಂದ ಎರಡ ಹೆಜ್ಜಿ ಈಚಿ ಕಡೆ ಇತ್ತು.”

ಶೆಟ್ಟರು ಮೇಜಿನ ಮೇಲೆ ಅಂಗೈ ಇಟ್ಟರು. “ಆತು. ತಮ್ಮ ಮಂದಿ ಗೋಲಿನ ಮ್ಯಾಲ ತಾವ ಬಾವುಟ ಎತ್ತಿದವ್ರು ಇವರು. ಇವರ ಮಾತಿನ ಮ್ಯಾಲ ಮಾತಿಲ್ಲ. ಅಂದ್ರ ಭಂಡಾರದ ಕತಿ ಆಮ್ಯಾಲ ಕಟ್ಟಿದ್ದು.”

ಹಾಗಾದರೆ ಯಾರ ಕಾಲು ಎಂದು ಅವರು ಕೇಳಲಿಲ್ಲ. ನಾನು ಕಾದೆ. ಕೇಳಲಿಲ್ಲ.

“ಹುಡುಗ ಕೈ ಎತ್ತಿ ಮಂದೀನ ಕರದದ್ದು ಕಂಡ್ರಿ?” ಎಂದು ರೆಫ್ರಿ ಕೇಳಿದರು.

“ಕರೀಲಿಲ್ಲರಿ. ಅಂಗೈ ಅವರ ಕಡೆ ಇತ್ತು. ನಿಲ್ರಿ ಅಂತಿದ್ದ.”

“ಅಹೋ ಮಾಸ್ತರ, ನಿಲ್ರಿ ಅಂದ್ರ ಯಾಕ ಬಂದ್ರು? ಏನೂ ಆಗದ ನೂರ ಮಂದಿ ಹಗ್ಗ ಹರಕೊಂಡು ಬರ್ತಾರೇನು?”

ಇದಕ್ಕೆ ಉತ್ತರ ಆ ಕೋಣೆಯಲ್ಲಿ ಇಬ್ಬರ ಹತ್ತಿರ ಇತ್ತು. ರೆಫ್ರಿ ಬೀರಪ್ಪನ ಕಡೆ ತಿರುಗಿದರು. “ಹೇಳೋ ನೀನ. ಯಾಕ ಬಂದ್ರು?”

ಬೀರಪ್ಪ ತಲೆ ತಗ್ಗಿಸಿದ. ನಾಚಿಕೆಯಿಂದ ತಗ್ಗಿಸಿದ ಎಂದು ಅವರು ತಿಳಿದರು. ಅವನು ನನ್ನ ಕಾಲನ್ನು ನೋಡುತ್ತಿದ್ದ. ಆ ದಿನ ನಾನು ಚಪ್ಪಲಿ ಮೆಟ್ಟಿದ್ದೆ.

“ಗೊತ್ತಿಲ್ರಿ,” ಎಂದ.

ಹೆಡ್‌ಮಾಸ್ತರು ನನಗೆ ಕೇಳಿದರು: “ಮಾಸ್ತರ್ರ, ಮತ್ತೇನರ ಹೇಳೂದದೇನು?”

“ಇಲ್ಲರಿ.”

ಇದೊಂದು ಶಬ್ದವೇ ನಾನು ಆಡಿದ ಸುಳ್ಳು. ಮಿಕ್ಕ ಪ್ರತಿ ಮಾತೂ ಅಳತೆಗೆ ಸರಿಯಾಗಿತ್ತು. ವಸಂತನ ಮೇಲೆ ಬಿದ್ದ ಕೋಲು ನನ್ನ ಮೇಲೆ ಬೀಳುವುದನ್ನು ನಾನು ಕಂಡಿದ್ದೆ, ಆ ಕೋಣೆಯಲ್ಲಿ ಕೂತೇ ಕಂಡಿದ್ದೆ. ಇನ್ನೂ ಒಂದಿದೆ. ಸೊಲ್ಲಾಪುರದ ಶೆಟ್ಟರು ನನ್ನನ್ನು ಸತ್ಯವಂತ ಎಂದು ಕರೆದು ಇನ್ನೂ ಐದು ನಿಮಿಷ ಆಗಿರಲಿಲ್ಲ.

ಬೀರಪ್ಪ ಜನರನ್ನು ಕೈ ಮಾಡಿ ಕರೆದು ಹೊಡೆದಾಟ ಎಬ್ಬಿಸಿದ ಎಂದು ತೀರ್ಮಾನವಾಯಿತು. ನಡತೆ ಸರಿಯಿಲ್ಲ ಎಂದು ಹೆಡ್‌ಮಾಸ್ತರು ಅವನ ಮ್ಯಾಟ್ರಿಕ್ ಅರ್ಜಿಗೆ ಸಹಿ ಹಾಕಲಿಲ್ಲ. ಶಾಲೆಯಿಂದ ಹೆಸರು ತೆಗೆದರು. ಪಂದ್ಯ ಅಲ್ಲಿಗೆ ನಿಂತಿತು.

ಮರುದಿನ ಬೀರಪ್ಪ ತನ್ನ ಪುಸ್ತಕ ಕಟ್ಟಿಕೊಂಡು ಹೋಗುವಾಗ ಶಾಲೆಯ ಹಿಂದಿನ ಬಾವಿಯ ಬಳಿ ಅವನನ್ನು ತಡೆದೆ.

“ಯಾಕ ಹೇಳಲಿಲ್ಲೋ?”

“ಏನ್ರಿ?”

“ನೀ ನೋಡಿದ್ದಿ.”

“ನೆಲಕ್ಕ ಬಿದ್ದಿದ್ದೆನ್ರಿ. ಕಾಲ ಬಿಟ್ಟ ಮತ್ತೇನೂ ಕಾಣತಿರಲಿಲ್ಲ.” ಪುಸ್ತಕದ ಕಟ್ಟನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿದ. “ಅಪ್ಪಗ ಗೊತ್ತಾದ್ರ ನಿಮ್ಮನ್ನ ಬಿಡತಿರಲಿಲ್ಲ. ಅಂವ ಜೇಲಿಗಿ ಹೋಗ್ತಿದ್ದ.”

“ಆದ್ರ ನಿನ್ನ ಪರೀಕ್ಷಾ?”

“ನೀವು ಹೇಳತೀರಿ ಅನಕೊಂಡಿದ್ದೆ.”

ನಾನು ಏನೋ ಹೇಳಲು ಬಾಯಿ ತೆರೆದೆ. ಈಗಲೂ ಹೆಡ್‌ಮಾಸ್ತರ ಹತ್ತಿರ ಹೋಗೋಣ ಎಂದು ಹೇಳಲು ಹೊರಟಿದ್ದೆನೋ, ಕ್ಷಮಿಸು ಎನ್ನಲು ಹೊರಟಿದ್ದೆನೋ, ಈಗ ಖಚಿತವಾಗಿ ಹೇಳಲಾರೆ. ಅವನು ಬಿಡಲಿಲ್ಲ.

“ಇನ್ನ ನನ್ನ ಕೂಡ ಮಾತಾಡಬ್ಯಾಡ್ರಿ,” ಎಂದ. “ನಮ್ಮ ಊರಿಗೂ ಬರಬ್ಯಾಡ್ರಿ. ಅಪ್ಪ ನಿಮ್ಮನ್ನ ಕಂಡ್ರ ಸೀತನಿ ಸುಟ್ಟ ಕೊಡ್ತಾನ. ನನಗ ನೋಡಾಕಾಗೂದಿಲ್ಲ.”

ಮಾರ್ಚಿನಲ್ಲಿ ಬೋರ್ಡಿಂಗ್ ಎರಡು ಬಾಡಿಗೆ ಕೋಣೆಗಳಲ್ಲಿ ಶುರುವಾಯಿತು. ಹುಡುಗರನ್ನು ನೋಡಿಕೊಳ್ಳಲು ಶೆಟ್ಟರು ನನ್ನನ್ನೇ ಕರೆಸಿದರು. ನಂಬಿಕಸ್ಥ ಬೇಕು ಎಂದರಂತೆ. ಹೋದೆ. ಹತ್ತು ದಿನ ಹುಡುಗರಿಗೆ ಬೇಳೆ ಬಡಿಸಿದೆ, ಬೆಳಿಗ್ಗೆ ಎಬ್ಬಿಸಿದೆ. ಬಿಸಿಲು ಏರಿತ್ತು, ತಗಡಿನ ಮಾಡಿನ ಕೆಳಗೆ ಅವರು ಅಂಗಿ ಬಿಚ್ಚಿ ಕೂತು ಓದುತ್ತಿದ್ದರು. ನನ್ನ ಕೂಡ ಬೇಕಾದಷ್ಟೇ ಮಾತಾಡಿದರು. ನಮ್ಮ ಗೋಲು ಬಿಟ್ಟುಕೊಟ್ಟವನು ಎಂಬುದು ಅವರ ಸಿಟ್ಟು. ಆ ಸಿಟ್ಟು ನನಗೆ ತಪ್ಪಾದ ಕಾರಣಕ್ಕೆ ಸಲ್ಲುತ್ತಿತ್ತು; ನಾನು ತಿದ್ದಲಿಲ್ಲ.

ನವೆಂಬರಿನಲ್ಲಿ ರಾಜ್ಯಗಳಾದವು. ಅಕ್ಕಲಕೋಟೆ ಇಲ್ಲೇ ಉಳಿಯಿತು. ನಾನು ವರ್ಗ ಕೇಳಿಕೊಂಡು ಬಾರ್ಶಿಯ ಕಡೆ ಹೋದೆ. ಎಷ್ಟೋ ವರ್ಷಗಳ ಮೇಲೆ, ಕುರನೂರಿನಲ್ಲಿ ಬೋರಿ ನದಿಗೆ ಆಣೆಕಟ್ಟು ಆದ ಮೇಲೆ, ಅದನ್ನು ನೋಡಲು ಹೋಗಿದ್ದಾಗ ಬೀರಪ್ಪನನ್ನು ಒಂದೇ ಒಂದು ಸಲ ಕಂಡೆ. ಕುರಿಗಳಿಗೆ ನೀರು ಕುಡಿಸಲು ತಂದಿದ್ದ. ನನ್ನನ್ನು ಗುರುತಿಸಿದ. ಕುರಿಗಳು ಇನ್ನೂ ಕುಡಿಯುತ್ತಿದ್ದವು. ಅಷ್ಟರಲ್ಲೇ ಸೀಟಿ ಹಾಕಿ ಅವನ್ನು ಹೊರಳಿಸಿಕೊಂಡು ಹೋದ.

ಈಗ ಶೆಟ್ಟರಿಲ್ಲ, ಹೆಡ್‌ಮಾಸ್ತರಿಲ್ಲ. ರೆಫ್ರಿ ಗಿರಣಿ ಮುಚ್ಚುವ ಮೊದಲೇ ತೀರಿಕೊಂಡರು. ಮಾಳಪ್ಪ ವಸಂತನನ್ನು ಬೈಯುತ್ತಲೇ ಸತ್ತ ಎಂದು ಕೇಳಿದ್ದೇನೆ.

ಹತ್ತಿರದಿಂದ ನೋಡಿದವರಲ್ಲಿ ನನ್ನನ್ನು ಬಿಟ್ಟರೆ ಮೂವರು ಬದುಕಿದ್ದಾರೆ. ವಸಂತ ಸೊಲ್ಲಾಪುರದಲ್ಲಿ ಮಗನ ಅಂಗಡಿಯಲ್ಲಿ ಕೂಡುತ್ತಾನೆ. ಎಡಗೈಯನ್ನು ಭುಜದ ಮೇಲಕ್ಕೆ ಎತ್ತಲಾರ. ತನ್ನ ಕಾಲು ಎಲ್ಲಿತ್ತು ಎಂಬುದನ್ನು ಅವನು ಹೇಳಬಲ್ಲ, ಅದಕ್ಕಿಂತ ಹೆಚ್ಚಿಲ್ಲ. ರೇವಣಸಿದ್ಧ ಅಕ್ಕಲಕೋಟೆಯಲ್ಲಿದ್ದಾನೆ. ಅವನು ಬಲಗಂಬದ ಹತ್ತಿರ ಇದ್ದ. ಬೀರಪ್ಪನ ಅಂಗೈ ಯಾವ ಕಡೆಗಿತ್ತು ಎಂದು ಕೇಳಿದರೆ ಹೇಳಿಯಾನು. ಬೀರಪ್ಪ ಚಪಳಗಾಂವದಲ್ಲಿದ್ದಾನೆ. ಅವನ ಮುಖಕ್ಕೂ ನನ್ನ ಬಲಗಾಲಿಗೂ ನಡುವೆ ಒಂದು ಗೇಣು ಇತ್ತು. ಆ ಕಾಲು ಯಾರದು ಎಂದು ಅವನನ್ನು ಈವರೆಗೆ ಯಾರೂ ಕೇಳಿಲ್ಲ.